ಮುಚ್ಚಳ ತೆರೆಯದ ಗಣಕಶಿಕ್ಷಣ

ಆಯುಧಪೂಜೆಯ ದಿನ ನಮ್ಮ ಶಾಲೆ, ಕಚೇರಿ, ಮನೆಗಳಲ್ಲಿ ಗಣಕಯಂತ್ರಕ್ಕೂ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹೂವಿಟ್ಟು, ಊದುಬತ್ತಿ ಬೆಳಗುವ ರೂಢಿ ಬಂದು ಬಹಳ ವರ್ಷಗಳಾದವು. ಇದಕ್ಕೆ ನನ್ನ ಆಕ್ಷೇಪಣೆ ಏನೂ ಇಲ್ಲ. ದುಡಿದು ಅನ್ನ ಕೊಡುವ ವಸ್ತುವಿಗೆ ಕೈಮುಗಿಯುವುದು ಒಳ್ಳೆಯ ಸಂಸ್ಕಾರವೇ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ನೇಗಿಲಿಗೆ ಪೂಜೆ ಮಾಡುವ ರೈತ ಅದರ ಕುಳ ಮೊಂಡಾದಾಗ ಕುಲುಮೆಗೆ ಒಯ್ದು ಹರಿತ ಮಾಡಿಸಿಕೊಂಡು ಬರಬಲ್ಲ. ಹೊಲಿಗೆಯಂತ್ರಕ್ಕೆ ಹೂವೇರಿಸುವ ದರ್ಜಿ ಅದರ ಬೆಲ್ಟು ಸಡಿಲಾದರೆ ತಾನೇ ಬಿಗಿದುಕೊಳ್ಳಬಲ್ಲ. ಗಣಕಯಂತ್ರದ ವಿಷಯದಲ್ಲಿ ಮಾತ್ರ ನಮ್ಮ ಭಕ್ತಿ ಹೊಸ್ತಿಲಿನ ಹೊರಗೇ ನಿಂತಿದೆ. ಇಪ್ಪತ್ತು ವರ್ಷ ಅದರ ಮುಂದೆ ಕುಳಿತು ದುಡಿದವರಲ್ಲಿಯೂ ಹೆಚ್ಚಿನವರು ಆ ಪೆಟ್ಟಿಗೆಯ ಪಕ್ಕದ ತಗಡನ್ನು ಒಮ್ಮೆಯಾದರೂ ಬಿಚ್ಚಿ ನೋಡಿರುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯ ಪ್ರತಿಯೊಂದು ಮಗುವಿಗೂ ಒಂದು ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನಲ್ಲಿ ಕೂರಿಸುವುದನ್ನು, ಆಮೇಲೆ ಅದರ ಬಯಾಸ್ ಪುಟಗಳನ್ನು ಓದಿ ಸರಿಯಾಗಿ ಹೊಂದಿಸುವುದನ್ನು ಪ್ರಯೋಗಶಾಲೆಯ ಪಾಠವಾಗಿ ಕಲಿಸಬೇಕು. ಪಿಪೆಟ್ಟು, ಬ್ಯೂರೆಟ್ಟುಗಳನ್ನು ಹಿಡಿಯಲು ಕಲಿಸುವಂತೆಯೇ. ಇದು ತಾಂತ್ರಿಕ ತರಬೇತಿಗೆ ಹೋಗುವವರ ಪಾಠ, ನಮಗೇಕೆ ಎಂದು ಕೈತೊಳೆದುಕೊಂಡಿದ್ದರ ಬೆಲೆಯನ್ನು ನಾವು ಈಗ ತೆರುತ್ತಿದ್ದೇವೆ. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಶತಮಾನದ ಆರಂಭದ ವರ್ಷಗಳಲ್ಲಿ ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ‘ಮಾಹಿತಿ ಸಿಂಧು’ ಎಂಬ ಹೆಸರು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅವುಗಳಿಗಾಗಿ ಶಾಲೆಯ ಅತ್ಯುತ್ತಮ ಕೊಠಡಿಯನ್ನು ಬಿಟ್ಟುಕೊಟ್ಟೆವು, ಕಿಟಕಿಗೆ ಪರದೆ ಹಾಕಿಸಿದೆವು, ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂದು ಬಾಗಿಲಿಗೆ ಬರೆದು ಅಂಟಿಸಿದೆವು. ಒಳಗೆ ಹೋದ ಮಕ್ಕಳು ಕಲಿತದ್ದೇನು? ಪೇಂಟಿನಲ್ಲಿ ಒಂದು ಗುಡಿಸಲು, ಎರಡು ಗುಡ್ಡ, ನಡುವೆ ಸೂರ್ಯ; ವರ್ಡ್‌ನಲ್ಲಿ ಬಣ್ಣಬಣ್ಣದ ಅಕ್ಷರಗಳಲ್ಲಿ ತಮ್ಮ ಹೆಸರು. ಅದೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಮೇಜಿನ ಕೆಳಗಿದ್ದ ಪೆಟ್ಟಿಗೆಯನ್ನು ಎಲ್ಲರೂ ‘ಸಿಪಿಯು’ ಎಂದು ಕರೆದರು. ನಿಜವಾದ ಸಿಪಿಯು ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಚೌಕ ತುಂಡು ಎಂಬುದನ್ನು ಹೇಳುವವರೇ ಇರಲಿಲ್ಲ. ಹೆಸರನ್ನೇ ತಪ್ಪಾಗಿ ಕಲಿಸಿದ ಮೇಲೆ ಒಳಗಿನ ವಿಚಾರ ಎಲ್ಲಿಂದ ಬರಬೇಕು!

ವಿಪರ್ಯಾಸವೆಂದರೆ, ಈ ಯಂತ್ರ ಹುಟ್ಟಿದ್ದೇ ತೆರೆದುಕೊಂಡು. ೧೯೮೧ರ ಆಗಸ್ಟ್ ತಿಂಗಳಲ್ಲಿ ಐಬಿಎಂ ಸಂಸ್ಥೆ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಅದರ ವಿದ್ಯುನ್ಮಂಡಲದ ನಕ್ಷೆಗಳನ್ನೂ ಬಯಾಸ್‌ನ ಪೂರ್ಣಪಾಠವನ್ನೂ ಕೈಪಿಡಿಯಲ್ಲಿಯೇ ಅಚ್ಚು ಹಾಕಿತು. ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವಂಥವೇ ಆಗಿದ್ದವು. ಐಬಿಎಂನ ಸ್ವಂತ ಸೊತ್ತು ಎಂದು ಮುಖ್ಯವಾಗಿ ಉಳಿದದ್ದು ಬಯಾಸ್ ಒಂದೇ, ಅದಕ್ಕೆ ಕೃತಿಸ್ವಾಮ್ಯವಿತ್ತು. ಆಗ ಕಾಂಪ್ಯಾಕ್ ಎಂಬ ಹೊಸ ಸಂಸ್ಥೆ ಒಂದು ಉಪಾಯ ಹೂಡಿತು. ಕೆಲವರು ಆ ಬಯಾಸ್ ಏನೇನು ಕೆಲಸ ಮಾಡುತ್ತದೆ ಎಂಬುದನ್ನಷ್ಟೇ ಪಟ್ಟಿ ಮಾಡಿದರು. ಮೂಲವನ್ನು ಕಣ್ಣಿನಿಂದಲೂ ನೋಡಿರದ ಬೇರೆ ಕೆಲವರು ಆ ಪಟ್ಟಿಯನ್ನು ನೋಡಿಕೊಂಡು ಹೊಸದಾಗಿ ಬರೆದರು. ೧೯೮೨ರ ಕೊನೆಗೆ ಅವರ ಯಂತ್ರ ಪ್ರಕಟವಾಯಿತು. ೧೯೮೪ರಲ್ಲಿ ಫೀನಿಕ್ಸ್ ಸಂಸ್ಥೆ ಇದೇ ಮಾರ್ಗದಲ್ಲಿ ಬಯಾಸ್ ಬರೆದು ಬೇಕಾದವರಿಗೆಲ್ಲ ಮಾರತೊಡಗಿತು. ಅಲ್ಲಿಂದ ಮುಂದೆ ಯಾರು ಬೇಕಾದರೂ ಬಿಡಿಭಾಗಗಳನ್ನು ತಂದು ಗಣಕವನ್ನು ಜೋಡಿಸಬಹುದಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಸಾಲು ಸಾಲು ಅಂಗಡಿಗಳಲ್ಲಿ ನೀವು ಕಾಲೇಜು ದಿನಗಳಲ್ಲಿ ಚೌಕಾಸಿ ಮಾಡಿ ತಂದ ‘ಅಸೆಂಬಲ್ಡ್’ ಯಂತ್ರದ ವಂಶವೃಕ್ಷ ಇದೇ. ತೆರೆಯುವುದಕ್ಕೆಂದೇ ಹುಟ್ಟಿದ ವಸ್ತುವನ್ನು ನಾವು ಪರದೆಯ ಹಿಂದೆ ಕೂರಿಸಿದೆವು.

ಈಗ ಆ ಪಾಠ ಹೇಗಿರುತ್ತದೆ ಎಂಬುದನ್ನು ನೋಡೋಣ. ನನಗೆ ಇದನ್ನು ಹೇಳಿಕೊಟ್ಟವನು ನಮ್ಮ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ. ತಾಲ್ಲೂಕು ಕೇಂದ್ರದಲ್ಲಿ ಗಣಕ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಬೆಂಚಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ನೋಡುತ್ತಿರುವಾಗ ನನಗೆ ಪದೇ ಪದೇ ಅನ್ನಿಸಿದ್ದು, ಇದರಲ್ಲಿ ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ವಿಜ್ಞಾನವೇ ಅಲ್ಲವೇ ಇರುವುದು ಎಂದು.

ಮೊದಲ ಕೆಲಸ ವಿದ್ಯುತ್ ತಂತಿಯನ್ನು ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟುವುದು. ಇದು ಶಾಸ್ತ್ರಕ್ಕಲ್ಲ. ಒಣಕೂದಲನ್ನು ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುವುದನ್ನು ನಿಮಗೆಲ್ಲ ತೋರಿಸಿದ್ದೇನಷ್ಟೆ. ಅದೇ ಸ್ಥಿರವಿದ್ಯುತ್ತು ನಮ್ಮ ಮೈಮೇಲೂ ಸಂಗ್ರಹವಾಗಿರುತ್ತದೆ. ಅದು ಚಿಟ್ಟೆಂದು ನಮಗೆ ತಗುಲಿದ ಅನುಭವವಾಗಬೇಕಾದರೆ ಸುಮಾರು ಮೂರು ಸಾವಿರ ವೋಲ್ಟ್ ಬೇಕು. ಚಿಪ್ಪುಗಳು ಅದಕ್ಕಿಂತ ಬಹಳ ಕಡಿಮೆಗೇ ಸತ್ತುಹೋಗಬಲ್ಲವು, ನಮಗೆ ಗೊತ್ತೇ ಆಗದಂತೆ. ಮಂಗಳೂರಿನ ಮಳೆಗಾಲದ ತೇವದಲ್ಲಿ ಈ ಭಯ ಕಡಿಮೆ. ರಾಯಚೂರು, ವಿಜಯಪುರಗಳ ಒಣಹವೆಯಲ್ಲಿ ಹೆಚ್ಚು. ಭೂಗೋಳವೂ ಬಂತಲ್ಲ!

ಆಮೇಲೆ ಬೋರ್ಡನ್ನು ಅದರ ಪೆಟ್ಟಿಗೆಯ ರಟ್ಟಿನ ಮೇಲೆಯೇ ಇಟ್ಟುಕೊಂಡು ಪ್ರೊಸೆಸರನ್ನು ಕೂರಿಸಬೇಕು. ಅದರ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಸಣ್ಣ ತ್ರಿಕೋನವಿದೆ, ಕೂರಿಸುವ ಜಾಗದಲ್ಲಿಯೂ ಇದೆ. ಎರಡೂ ಎದುರುಬದುರಾದರೆ ಅದು ತನ್ನ ಭಾರಕ್ಕೆ ತಾನೇ ಕೂರುತ್ತದೆ. ಬೆರಳಿನಿಂದ ಒತ್ತುವ ಪ್ರಶ್ನೆಯೇ ಇಲ್ಲ. ಇಂಟೆಲ್‌ನ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ೨೦೦೪ರಿಂದ, ಎಎಂಡಿಯ ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ೨೦೨೨ರ ಎಎಂ ೫ ಪೀಳಿಗೆಯಿಂದ ಕೂದಲೆಳೆಯಂಥ ಪಿನ್ನುಗಳು ಇರುವುದು ಬೋರ್ಡಿನಲ್ಲಿ. ಒಂದು ಬಾಗಿದರೆ ಬೋರ್ಡೇ ಹೋಯಿತೆನ್ನಬೇಕು. ಬಲಪ್ರಯೋಗ ಎಲ್ಲಿ ಸಲ್ಲದು ಎಂಬುದನ್ನು ಕೈಗೆ ಕಲಿಸುವ ಇಂಥ ಇನ್ನೊಂದು ಪಾಠ ನಮ್ಮ ಪಠ್ಯಕ್ರಮದಲ್ಲಿ ನನಗೆ ಕಂಡಿಲ್ಲ.

ಪ್ರೊಸೆಸರಿನ ಬೆನ್ನಿಗೆ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ ಹಚ್ಚಿ, ಮೇಲೆ ಫ್ಯಾನು ಸಹಿತವಾದ ಲೋಹದ ಕೂಲರನ್ನು ಬಿಗಿಯಬೇಕು. ಎರಡೂ ನುಣುಪಾದ ಲೋಹವೇ ಆಗಿರುವಾಗ ನಡುವೆ ಈ ಪೇಸ್ಟು ಏಕೆ? ಏಕೆಂದರೆ ಕಣ್ಣಿಗೆ ನುಣುಪಾಗಿ ಕಂಡರೂ ಎರಡರ ಮೈಯೂ ಉಬ್ಬುತಗ್ಗು. ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಉಷ್ಣದ ದುರ್ವಾಹಕ. ಎಂಟನೆಯ ತರಗತಿಯಲ್ಲಿ ಉಣ್ಣೆಯ ಬಟ್ಟೆ ಏಕೆ ಬೆಚ್ಚಗಿರುತ್ತದೆ ಎಂದು ಕೇಳಿದಾಗ ನೀವು ಬರೆದ ಉತ್ತರವೇ ಇಲ್ಲಿಯೂ ಉತ್ತರ. ಕೂಲರಿನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆಯುವವರು ಇದ್ದಾರಂತೆ. ಯಂತ್ರ ಕೆಲವೇ ನಿಮಿಷಗಳಲ್ಲಿ ಕಾದು ಆರಿಹೋಗುತ್ತದೆ.

ರ‍್ಯಾಮ್ ಪಟ್ಟಿಯ ಕೆಳಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಡಿಡಿಆರ್ ೩, ಡಿಡಿಆರ್ ೪, ಡಿಡಿಆರ್ ೫ ಎಲ್ಲಕ್ಕೂ ಕಚ್ಚಿನ ಸ್ಥಾನ ಬೇರೆ ಬೇರೆ. ತಪ್ಪು ಪಟ್ಟಿ ತಪ್ಪು ಜಾಗದಲ್ಲಿ ಕೂರಲಾರದು. ಇಲ್ಲಿ ಮಾತ್ರ ಎರಡೂ ತುದಿಗಳಲ್ಲಿ ‘ಟಕ್’ ಎಂದು ಸದ್ದಾಗುವವರೆಗೆ ಒತ್ತಬೇಕು. ಒತ್ತಲೇಬಾರದ ಜಾಗ ಒಂದು, ಒತ್ತಲೇಬೇಕಾದ ಜಾಗ ಇನ್ನೊಂದು. ಹತ್ತು ಅಂಗುಲದ ಅಂತರದಲ್ಲಿ. ಎರಡು ಪಟ್ಟಿ ಇದ್ದು ನಾಲ್ಕು ಜಾಗಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಜಾಗಗಳಲ್ಲಿ ಇಡಬೇಕು. ಆಗ ಎರಡು ಹಾದಿಗಳಲ್ಲಿ ಮಾಹಿತಿ ಒಟ್ಟಿಗೆ ಹರಿಯುತ್ತದೆ. ಕೈಪಿಡಿಯಲ್ಲಿ ಇದರ ಚಿತ್ರವಿರುತ್ತದೆ. ಕೈಪಿಡಿಯನ್ನು ಓದುವುದು ಕೂಡ ಒಂದು ಭಾಷಾಪಾಠವೆಂದು ನಾನು ತಿಳಿದಿದ್ದೇನೆ. ಗದ್ಯಭಾಗದ ಪ್ರಶ್ನೋತ್ತರಕ್ಕಿಂತ ಕಠಿಣ, ಏಕೆಂದರೆ ತಪ್ಪು ಓದಿದರೆ ಅಂಕ ಹೋಗುವುದಿಲ್ಲ, ವಸ್ತು ಹೋಗುತ್ತದೆ.

ಇನ್ನು ಕ್ಯಾಬಿನೆಟ್ಟು. ಒಳಗಿನ ತಗಡಿಗೆ ಹಿತ್ತಾಳೆಯ ಪುಟ್ಟ ಕಾಲುಗಳನ್ನು ತಿರುಗಿಸಿ ನಿಲ್ಲಿಸಬೇಕು. ಬೋರ್ಡು ತಗಡನ್ನು ಮುಟ್ಟದೆ ಅವುಗಳ ಮೇಲೆ ನಿಲ್ಲುತ್ತದೆ. ೧೯೯೫ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಅಳತೆಯ ಪೂರ್ಣ ಬೋರ್ಡು ೩೦೫ ಮಿ.ಮೀ. ಉದ್ದ, ೨೪೪ ಮಿ.ಮೀ. ಅಗಲ, ಅದಕ್ಕೆ ಒಂಬತ್ತು ತೂತುಗಳು. ತೂತು ಇಲ್ಲದ ಜಾಗದಲ್ಲಿ ಒಂದು ಕಾಲನ್ನು ಹೆಚ್ಚಿಗೆ ನಿಲ್ಲಿಸಿಬಿಟ್ಟರೆ ಅದು ಬೋರ್ಡಿನ ಬೆನ್ನಿನ ಬೆಸುಗೆಗಳಿಗೆ ತಗುಲಿ ಶಾರ್ಟ್ ಸರ್ಕೀಟು ಆಗುತ್ತದೆ. ಅಂಗಡಿಗೆ ‘ಹೊಸ ಬೋರ್ಡು, ಆದರೂ ಜೀವವಿಲ್ಲ’ ಎಂದು ಬರುವ ಯಂತ್ರಗಳಲ್ಲಿ ಈ ಹೆಚ್ಚುವರಿ ಕಾಲು ಒಂದು ಹಳೆಯ ಕಾರಣ. ಇನ್ನೊಂದು, ೨೪ ಪಿನ್ನುಗಳ ದೊಡ್ಡ ತಂತಿಯನ್ನು ಸಿಕ್ಕಿಸಿ, ಪ್ರೊಸೆಸರಿನ ಬಳಿಯ ಎಂಟು ಪಿನ್ನುಗಳದನ್ನು ಬಿಟ್ಟುಬಿಡುವುದು. ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು!

ಮುಂಭಾಗದ ಗುಂಡಿಗೆ, ದೀಪಗಳಿಗೆ ಹೋಗುವ ದಾರದಂಥ ತಂತಿಗಳನ್ನು ಸಿಕ್ಕಿಸುವುದಕ್ಕೆ ತಾಳ್ಮೆ ಬೇಕು. ದೀಪದ ತಂತಿಗೆ ಧನ ಋಣ ನೋಡಬೇಕು, ಗುಂಡಿಯ ತಂತಿಗೆ ನೋಡಬೇಕಾಗಿಲ್ಲ. ಏಕೆ ಎಂದು ಮಕ್ಕಳನ್ನು ಕೇಳಬೇಕು, ಉತ್ತರವನ್ನು ನಾವು ಹೇಳಬಾರದು. ಹಳೆಯ ವಿದ್ಯಾರ್ಥಿಗಳಿಗೂ ಇದೇ ಪ್ರಶ್ನೆ!

ಇಷ್ಟಾದ ಮೇಲೆ ಬಯಾಸ್. ಗುಂಡಿ ಒತ್ತಿದೊಡನೆ ವಿಂಡೋಸ್ ಎದ್ದೇಳುವುದಿಲ್ಲ. ಮೊದಲು ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿರುವ ತಂತ್ರಾಂಶ ಎಚ್ಚತ್ತು, ಪ್ರೊಸೆಸರು ಇದೆಯೇ, ಸ್ಮೃತಿ ಇದೆಯೇ, ಕೀಲಿಮಣೆ ಇದೆಯೇ ಎಂದು ಹಾಜರಿ ತೆಗೆದುಕೊಳ್ಳುತ್ತದೆ. ಯಾರಾದರೂ ಗೈರುಹಾಜರಾಗಿದ್ದರೆ ಕೆಲವು ಬೋರ್ಡುಗಳು ಬೀಪ್ ಸದ್ದು ಮಾಡಿ, ಕೆಲವು ಸಣ್ಣ ದೀಪ ಹೊತ್ತಿಸಿ ತಿಳಿಸುತ್ತವೆ. ಎಲ್ಲರೂ ಇದ್ದರೆ ಡಿಸ್ಕನ್ನು ಹುಡುಕಿ ಅಧಿಕಾರವನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ. ಬಯಾಸ್ ಎಂಬ ಹೆಸರನ್ನು ಕೊಟ್ಟವರು ಗ್ಯಾರಿ ಕಿಲ್ಡಾಲ್. ೧೯೭೦ರ ದಶಕದಲ್ಲಿ ತಮ್ಮ ಸಿಪಿ/ಎಂ ಎಂಬ ವ್ಯವಸ್ಥೆಗಾಗಿ. ಗ್ರೀಕ್ ಭಾಷೆಯಲ್ಲಿ ಇದೇ ಅಕ್ಷರಗಳ ಮಾತಿಗೆ ‘ಬದುಕು’ ಎಂಬ ಅರ್ಥವಿದೆ. ಜೀವಶಾಸ್ತ್ರ ಕಲಿಸಿದ ನನಗೆ ಅದು ಹಿತವಾಗಿ ಕೇಳುತ್ತದೆ. ೨೦೦೫ರಿಂದ ಹಲವು ಸಂಸ್ಥೆಗಳು ಸೇರಿ ರೂಪಿಸುತ್ತಿರುವ ಯುಇಎಫ್‌ಐ ಎಂಬ ಹೊಸ ವ್ಯವಸ್ಥೆ ಇದರ ಜಾಗಕ್ಕೆ ಬಂದಿದೆ. ಆದರೂ ಜನ ಬಯಾಸ್ ಎಂದೇ ಕರೆಯುತ್ತಾರೆ. ೧೯೭೩ರಲ್ಲಿ ಕರ್ನಾಟಕವೆಂದು ಹೆಸರಾದ ಮೇಲೂ ನಮ್ಮ ಹಿರಿಯರು ‘ಮೈಸೂರು ಸರ್ಕಾರ’ ಎನ್ನುತ್ತಿದ್ದ ಹಾಗೆ.

ಯಂತ್ರ ಶುರುವಾಗುತ್ತಿದ್ದಂತೆ ‘ಡಿಲೀಟ್’ ಕೀಲಿಯನ್ನೋ ‘ಎಫ್ ೨’ ಕೀಲಿಯನ್ನೋ ಒತ್ತುತ್ತಿದ್ದರೆ ಈ ಪುಟಗಳು ತೆರೆದುಕೊಳ್ಳುತ್ತವೆ. ನೋಡಿದೊಡನೆ ಹೆದರಿಕೆಯಾಗುವಷ್ಟು ಸಾಲುಗಳಿರುತ್ತವೆ. ಹೆದರಬೇಕಾದದ್ದು ಸ್ವಲ್ಪ, ಓದಬೇಕಾದದ್ದು ಬಹಳ. ನಾನಾದರೆ ಮಕ್ಕಳಿಗೆ ಮೊದಲ ದಿನ ಏನನ್ನೂ ಬದಲಿಸಲು ಬಿಡುವುದಿಲ್ಲ. ಪ್ರತಿ ಪುಟವನ್ನೂ ನೋಟ್‌ಪುಸ್ತಕಕ್ಕೆ ಬರೆದುಕೊಳ್ಳಲು ಹೇಳುತ್ತೇನೆ. ಎರಡನೆಯ ದಿನದಿಂದ, ಒಮ್ಮೆಗೆ ಒಂದೇ ಬದಲಾವಣೆ, ಉಳಿಸಿ ಹೊರಬಂದು ಪರಿಣಾಮ ನೋಡುವುದು, ಬರೆಯುವುದು. ಒಂದು ಚರಾಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಡಬೇಕು ಎಂಬ ಪ್ರಯೋಗವಿಧಾನವನ್ನು ಲೋಲಕದ ಪ್ರಯೋಗದಲ್ಲಿ ಎಷ್ಟು ಕಷ್ಟಪಟ್ಟು ಕಲಿಸುತ್ತಿದ್ದೆವು!

ಮೊದಲು ದಿನಾಂಕ, ವೇಳೆ. ಅನೇಕ ಬೋರ್ಡುಗಳಲ್ಲಿ ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲು, ದಿನ ಆಮೇಲೆ. ನಮ್ಮವರು ಎಡವುವ ಜಾಗ. ಆಮೇಲೆ ಹಾಕಿದಷ್ಟು ರ‍್ಯಾಮ್ ಪೂರ್ತಿಯಾಗಿ ಕಾಣುತ್ತಿದೆಯೇ, ಪ್ರೊಸೆಸರಿನ ಉಷ್ಣಾಂಶ ಏರುತ್ತಲೇ ಹೋಗುತ್ತಿದೆಯೇ ಎಂಬುದನ್ನು ನೋಡಬೇಕು. ಏರುತ್ತಲೇ ಹೋದರೆ ಕೂಲರು ಸರಿಯಾಗಿ ಕೂತಿಲ್ಲ. ಯಾವುದರಿಂದ ಮೊದಲು ಎದ್ದೇಳಬೇಕು ಎಂಬ ಅನುಕ್ರಮ. ಡಿಸ್ಕಿನ ಎಎಚ್‌ಸಿಐ ಸಂಯೋಜನೆ. ವಿಂಡೋಸ್ ಹಾಕಿದ ಮೇಲೆ ಅದನ್ನು ಸುಮ್ಮನೆ ಬದಲಿಸಿದರೆ ಎದುರಾಗುವುದು ನೀಲಿ ಪರದೆ. ಮಾರುವವರು ಹೇಳದ ಒಂದು ಸಂಗತಿಯೂ ಇಲ್ಲಿದೆ: ೩೨೦೦ ಎಂದು ಮೈಮೇಲೆ ಬರೆದಿರುವ ಡಿಡಿಆರ್ ೪ ರ‍್ಯಾಮ್ ಅನೇಕ ವೇಳೆ ತಾನಾಗಿ ೨೧೩೩, ೨೪೦೦ ಅಥವಾ ೨೬೬೬ರ ವೇಗದಲ್ಲಿ ಮಾತ್ರ ಓಡುತ್ತಿರುತ್ತದೆ, ಎಕ್ಸ್‌ಎಂಪಿ ಎಂಬ ಸಾಲನ್ನು ಚಾಲೂ ಮಾಡಿದರಷ್ಟೇ ಕೊಟ್ಟ ದುಡ್ಡಿನ ವೇಗ ಸಿಗುತ್ತದೆ. ಹಾಗೆಯೇ, ಕರೆಂಟು ಹೋಗಿ ಬಂದಾಗ ಯಂತ್ರ ತಾನೇ ಎದ್ದೇಳಬೇಕೋ ಬೇಡವೋ ಎಂಬ ಸಾಲು. ಶಾಲೆಯ ಯಂತ್ರಗಳಿಗೆ ‘ಬೇಡ’ ಎಂದೇ ಇಡಬೇಕು, ಇಲ್ಲದಿದ್ದರೆ ನಡುರಾತ್ರಿ ಕರೆಂಟು ಬಂದೊಡನೆ ಖಾಲಿ ಕೊಠಡಿಯಲ್ಲಿ ಹತ್ತಾರು ಯಂತ್ರಗಳು ಎದ್ದು ಕೂರುತ್ತವೆ. ಬಯಾಸನ್ನೇ ಹೊಸದಾಗಿ ಬರೆಯುವ ಕೆಲಸವನ್ನು ಮಾತ್ರ ಯುಪಿಎಸ್ ಇಲ್ಲದೆ ಕೈಗೆತ್ತಿಕೊಳ್ಳಬಾರದು. ಅರ್ಧದಲ್ಲಿ ಕರೆಂಟು ಹೋದರೆ ಬೋರ್ಡು ಏಳದೇ ಹೋಗಬಹುದು.

ಇಷ್ಟೆಲ್ಲ ಕಲಿಯದಿದ್ದರೆ ಏನು ನಷ್ಟ ಎಂದು ಕೇಳುವವರಿಗೆ ನಾನು ನಾಣ್ಯದಂಥ ಒಂದು ಬಿಲ್ಲೆಯನ್ನು ತೋರಿಸಬೇಕು. ಅದರ ಮೇಲೆ ಸಿಆರ್ ೨೦೩೨ ಎಂದು ಬರೆದಿರುತ್ತದೆ. ೨೦ ಎಂದರೆ ಇಪ್ಪತ್ತು ಮಿ.ಮೀ. ವ್ಯಾಸ, ೩೨ ಎಂದರೆ ೩.೨ ಮಿ.ಮೀ. ದಪ್ಪ; ಮೂರು ವೋಲ್ಟಿನ ಲಿಥಿಯಂ ಕೋಶ. ೧೯೮೧ರ ಮೂಲ ಪಿಸಿಯಲ್ಲಿ ಸಂಯೋಜನೆಗಳನ್ನು ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳಿಂದ ಮಾಡುತ್ತಿದ್ದರು. ೧೯೮೪ರ ಪಿಸಿ/ಎಟಿ ಬಂದಾಗ ಅವು ಬ್ಯಾಟರಿಯ ಬಲದಿಂದ ಉಳಿಯುವ ೬೪ ಬೈಟುಗಳ ಒಂದು ಚಿಪ್ಪಿಗೆ ಹೋದವು. ಅದರಲ್ಲಿಯೂ ೧೪ ಬೈಟು ಗಡಿಯಾರಕ್ಕೇ ಮೀಸಲು. ಇಂದಿನ ಅನೇಕ ಬೋರ್ಡುಗಳಲ್ಲಿ ಸಂಯೋಜನೆಗಳು ಫ್ಲ್ಯಾಶ್ ಸ್ಮೃತಿಯಲ್ಲಿ ಉಳಿದರೂ ಗಡಿಯಾರಕ್ಕೆ ಈ ಬಿಲ್ಲೆಯೇ ಗತಿ. ಗೋಡೆಯ ಸ್ವಿಚ್ಚು ಹಾಕಿದ್ದಷ್ಟೂ ಹೊತ್ತು ಎಸ್‌ಎಂಪಿಎಸ್‌ನಿಂದ ಬರುವ ವಿದ್ಯುತ್ತೇ ಗಡಿಯಾರವನ್ನು ನಡೆಸುತ್ತದೆ, ಬಿಲ್ಲೆ ಸವೆಯುವುದಿಲ್ಲ. ನಮ್ಮ ಶಾಲೆಗಳಲ್ಲಿ ಸಂಜೆ ಮೇನ್ ಸ್ವಿಚ್ ಆರಿಸುತ್ತೇವೆ, ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಆರಿಸಿಡುತ್ತೇವೆ. ಹಾಗಾಗಿ ಇಲ್ಲಿ ಬಿಲ್ಲೆ ಬೇಗ ಸಾಯುತ್ತದೆ.

ಸತ್ತ ಮೇಲೆ ಯಂತ್ರ ಪ್ರತಿದಿನ ಬೆಳಿಗ್ಗೆ ತಾನು ಹುಟ್ಟಿದ ವರ್ಷದ ಜನವರಿ ಒಂದನೇ ತಾರೀಖಿನಲ್ಲಿ ಎಚ್ಚರಗೊಳ್ಳುತ್ತದೆ. ಕಪ್ಪು ಪರದೆಯ ಮೇಲೆ ‘ಚೆಕ್‌ಸಮ್ ಎರರ್, ಎಫ್ ೧ ಒತ್ತಿ’ ಎಂಬ ಬರಹ. ಹೇಗೋ ಮುಂದೆ ಹೋದರೆ ಜಾಲತಾಣಗಳು ತೆರೆಯುವುದಿಲ್ಲ. ತಾಣದ ಭದ್ರತಾ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು, ಹತ್ತಾರು ವರ್ಷ ಹಿಂದೆ ಬಿದ್ದಿರುವ ಈ ಗಡಿಯಾರ ನಂಬಿಕೊಂಡಿರುತ್ತದೆ. ಹೊರಗಿನಿಂದ ನೋಡಿದವರ ತೀರ್ಪು: ಕಂಪ್ಯೂಟರ್ ಕೆಟ್ಟಿದೆ.

ಮೇಲೆ ಹೇಳಿದ ಹಳೆಯ ವಿದ್ಯಾರ್ಥಿಯ ಜೊತೆ ಒಂದು ಗ್ರಾಮಾಂತರ ಶಾಲೆಗೆ ಹೋಗಿದ್ದೆ. ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿದ ಹನ್ನೊಂದು ಯಂತ್ರಗಳು ಮೂಲೆಯಲ್ಲಿದ್ದವು. ಗುಜರಿಗೆ ಹಾಕಲು ಅನುಮತಿ ಕೋರಿ ಪತ್ರವೂ ಸಿದ್ಧವಾಗಿತ್ತು. ಅವನು ಮೊದಲನೆಯದನ್ನು ತೆರೆದು, ಬಿಲ್ಲೆಯನ್ನು ಮೀಟರಿನಿಂದ ಅಳೆದು, “ಸಾರ್, ಇದು ಕೆಟ್ಟಿಲ್ಲ. ಇದಕ್ಕೆ ಹೊತ್ತು ಮರೆತುಹೋಗಿದೆ, ಅಷ್ಟೆ” ಎಂದ. ಸಂಜೆಯ ಹೊತ್ತಿಗೆ ನಾಲ್ಕು ಯಂತ್ರಗಳು ಬರಿಯ ಬಿಲ್ಲೆಯಿಂದ, ಮೂರು ಯಂತ್ರಗಳು ರ‍್ಯಾಮ್ ಪಟ್ಟಿಯ ಕಿಲುಬನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದ್ದರಿಂದ ಎದ್ದವು. ಒಂದು ಬಿಲ್ಲೆಯ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಎಂಬ ಗಾದೆಯನ್ನು ವ್ಯಾಕರಣದ ಪಾಠದಲ್ಲಿ ಉದಾಹರಣೆಗೆಂದು ಹೇಳುತ್ತಿದ್ದೆವು. ಇಲ್ಲಿ ಅದು ಶಾಲೆಯ ಕಡತದಲ್ಲಿಯೇ ಇತ್ತು.

ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಇದೇ ಕಥೆ ಈಗ ನಡೆಯುತ್ತಿದೆ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಕೊನೆಗೊಂಡಿತು. ೨೦೨೧ರಲ್ಲಿ ಬಂದ ವಿಂಡೋಸ್ ೧೧ ಟಿಪಿಎಂ ೨.೦ ಎಂಬ ಭದ್ರತಾ ಸೌಲಭ್ಯವನ್ನು ಕೇಳುತ್ತದೆ. ಅದಿಲ್ಲವೆಂದು ಕಂಡರೆ ‘ಈ ಯಂತ್ರ ಅರ್ಹವಲ್ಲ’ ಎನ್ನುತ್ತದೆ. ನಮ್ಮ ಬಂಧುಗಳಲ್ಲಿಯೇ ಮೂವರು ಈ ವಾಕ್ಯವನ್ನು ಓದಿ ಹೊಸ ಯಂತ್ರ ಕೊಳ್ಳಲು ಹೊರಟಿದ್ದರು. ಆದರೆ ೨೦೧೮ರ ಸುಮಾರಿನಿಂದೀಚೆಗಿನ ಬಹುತೇಕ ಯಂತ್ರಗಳಲ್ಲಿ ಆ ಸೌಲಭ್ಯ ಪ್ರೊಸೆಸರಿನ ಜೊತೆಯಲ್ಲಿಯೇ ಇರುತ್ತದೆ; ಎಷ್ಟೋ ಡೆಸ್ಕ್‌ಟಾಪ್ ಬೋರ್ಡುಗಳು ಅದನ್ನು ಬಯಾಸಿನಲ್ಲಿ ಆರಿಸಿಟ್ಟೇ ಅಂಗಡಿಗೆ ಬಂದಿದ್ದವು. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಎಂಬ ಸಾಲನ್ನು ಚಾಲೂ ಮಾಡಿ, ಉಳಿಸಿ, ಹೊರಬಂದರೆ ‘ಅನರ್ಹ’ ಯಂತ್ರ ಅರ್ಹವಾಗುತ್ತದೆ. ಮೂವರಲ್ಲಿ ಇಬ್ಬರದು ಹೀಗೆಯೇ ಸರಿಹೋಯಿತು. (ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಬಯಾಸನ್ನು ಮುಟ್ಟುವ ಮೊದಲು ಅದರ ಮರುಪಡೆಯುವ ಕೀಲಿಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಳೆಯ ಲೆಗಸಿ ವಿಧಾನದಲ್ಲಿ ವಿಂಡೋಸ್ ಹಾಕಿದ್ದರೆ, ಡಿಸ್ಕನ್ನು ಜಿಪಿಟಿ ರೂಪಕ್ಕೆ ಪರಿವರ್ತಿಸದೆ ಯುಇಎಫ್‌ಐಗೆ ಬದಲಾಯಿಸಬೇಡಿ.) ಮೂರನೆಯವರದು ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನದು, ನಿಜವಾಗಿಯೂ ಪಟ್ಟಿಯಲ್ಲಿಲ್ಲ. ಅದಕ್ಕೆ ಲಿನಕ್ಸ್ ಹಾಕಿಸಿದೆವು. ಪತ್ರ ಬರೆಯುವುದಕ್ಕೂ ಯಕ್ಷಗಾನ ನೋಡುವುದಕ್ಕೂ ಏನೂ ಕೊರತೆಯಾಗಿಲ್ಲವೆಂದು ವರದಿ ಬಂದಿದೆ.

ಆಕ್ಷೇಪಣೆಗಳನ್ನು ನಾನು ಬಲ್ಲೆ. ಮಕ್ಕಳಿಗೆ ಶಾಕ್ ಹೊಡೆದರೆ? ಬೋರ್ಡಿಗೆ ಬರುವುದು ೧೨ ವೋಲ್ಟ್, ೫ ವೋಲ್ಟ್, ೩.೩ ವೋಲ್ಟ್, ಆಟಿಕೆಯ ರೈಲಿನಷ್ಟು. ಅಪಾಯವಿರುವುದು ಎಸ್‌ಎಂಪಿಎಸ್ ಡಬ್ಬಿಯ ಒಳಗೆ. ಆರಿಸಿದ ಮೇಲೂ ಅದರ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದನ್ನು ಶಿಕ್ಷಕರೂ ತೆರೆಯಕೂಡದು, ಮಕ್ಕಳೂ ತೆರೆಯಕೂಡದು. ಈ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ವಸ್ತು ಹಾಳಾದರೆ? ಹೊಸದರ ಮೇಲೆ ಏಕೆ ಕಲಿಸಬೇಕು, ಹತ್ತು ವರ್ಷದ ಹಳೆಯ ಬೋರ್ಡು ಸಾಕು. ಕಪ್ಪೆಯನ್ನು ಕೊಯ್ದು ಕಲಿಸುತ್ತಿದ್ದ ಕಾಲದಲ್ಲಿ ಕಪ್ಪೆಗಾದರೋ ಜೀವವಿತ್ತು! ಈಗ ಎಲ್ಲವೂ ಮೊಬೈಲು, ಲ್ಯಾಪ್‌ಟಾಪು, ಒಳಗೆಲ್ಲ ಬೆಸುಗೆ ಹಾಕಿಬಿಟ್ಟಿರುತ್ತಾರೆ, ಡೆಸ್ಕ್‌ಟಾಪಿನ ವಿದ್ಯೆ ಯಾರಿಗೆ ಬೇಕು ಎಂಬ ಮಾತು ಇವೆಲ್ಲಕ್ಕಿಂತ ತೂಕದ್ದು. ಅದನ್ನು ಭಾಗಶಃ ಒಪ್ಪುತ್ತೇನೆ. ಆದರೂ ಬಿಡಿಸಿ ನೋಡಲು ಬರುವ ಯಂತ್ರದಲ್ಲಿ ಕಲಿತವನಿಗೆ ಬಿಡಿಸಲಾಗದ ಯಂತ್ರದ ಒಳಗೆ ಏನಿದೆಯೆಂದು ಗೊತ್ತಿರುತ್ತದೆ. ಯಾವುದನ್ನು ಬೇಕೆಂದೇ ಬಿಡಿಸಲಾಗದಂತೆ ಮಾಡಿದ್ದಾರೆ ಎಂಬುದೂ ಗೊತ್ತಾಗುತ್ತದೆ.

ಆಗುವ ಮಾತೇ ಇದು ಎನ್ನುವವರು ಪಕ್ಕದ ಕೇರಳವನ್ನು ನೋಡಬಹುದು. ಅಲ್ಲಿ ಶಾಲೆಗಳ ಗಣಕಗಳು ಬಹಳ ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲಿ ನಡೆಯುತ್ತಿವೆ. ೨೦೧೮ರಲ್ಲಿ ಆರಂಭವ��ದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕೂಟಗಳ ತರಬೇತಿಯಲ್ಲಿ ಯಂತ್ರಾಂಶವೂ ಸೇರಿದೆ. ಶಾಲೆಯ ಯಂತ್ರಗಳನ್ನು ನೋಡಿಕೊಳ್ಳುವುದರಲ್ಲಿ ಮಕ್ಕಳದೇ ಪಾಲಿದೆ. ನಮ್ಮ ಮಕ್ಕಳ ಬೆರಳುಗಳು ಅವರ ಬೆರಳುಗಳಿಗಿಂತ ದಪ್ಪವೇನಲ್ಲ.

ಒಂದು ಮಾತನ್ನು ಶಿಕ್ಷಕವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಪ್ರತ್ಯೇಕವಾಗಿ ಹೇಳಬೇಕು. ಗುಂಪು ಪ್ರಯೋಗಗಳಲ್ಲಿ ಉಪಕರಣ ಹುಡುಗರ ಕೈಗೂ ವರದಿಪುಸ್ತಕ ಹುಡುಗಿಯರ ಕೈಗೂ ತಾನಾಗಿ ಹೋಗುವುದನ್ನು ನಾನು ಸೇವಾವಧಿಯುದ್ದಕ್ಕೂ ಕಂಡಿದ್ದೇನೆ. ಸ್ಕ್ರೂಡ್ರೈವರಿನ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಮೊದಲ ಸ್ಕ್ರೂವನ್ನು ಹುಡುಗಿಯ ಕೈಯಿಂದಲೇ ಬಿಚ್ಚಿಸಿ, ವರದಿಯನ್ನು ಹುಡುಗರು ಬರೆಯಲಿ. ಅವರ ಕೈಬರಹವೂ ಸ್ವಲ್ಪ ಸುಧಾರಿಸೀತು.

ಪರವೂರುಗಳಲ್ಲಿ, ವಿದೇಶಗಳಲ್ಲಿ ಇರುವ ನಿಮ್ಮಲ್ಲಿ ಕೆಲವರು ಹುಟ್ಟೂರಿನ ಶಾಲೆಗೆ ಹಳೆಯ ಗಣಕಗಳನ್ನು ಕೊಡಬೇಕೆಂದು ಆಗಾಗ ಬರೆಯುತ್ತೀರಿ. ಸಂತೋಷ, ಕೊಡಿ. ಆದರೆ ಕಳುಹಿಸುವ ಮೊದಲು ಡಿಸ್ಕಿನಲ್ಲಿರುವ ನಿಮ್ಮ ಕಡತಗಳನ್ನು ಅಳಿಸುವುದರ ಜೊತೆಗೆ ಬಯಾಸಿಗೆ ಹೋಗಿ ನೀವೋ ನಿಮ್ಮ ಕಚೇರಿಯವರೋ ಇಟ್ಟಿರುವ ಗುಪ್ತಪದವನ್ನು ತೆಗೆದುಹಾಕಿ. ಕಳೆದ ಸಲ ಬಂದ ಆರರಲ್ಲಿ ಎರಡಕ್ಕೆ ಗುಪ್ತಪದವಿತ್ತು, ಕೊಟ್ಟವರಿಗೂ ನೆನಪಿರಲಿಲ್ಲ. ಮದರ್‌ಬೋರ್ಡಿನ ಕೈಪಿಡಿ ಇದ್ದರೆ ಅದನ್ನೂ, ಇಲ್ಲದಿದ್ದರೆ ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಗೆ ಅಂಟಿಸಿ ಕಳುಹಿಸಿ. ಸಾಧ್ಯವಾದರೆ ಹತ್ತು ಸಿಆರ್ ೨೦೩೨ ಬಿಲ್ಲೆಗಳು, ಎರಡು ನಕ್ಷತ್ರತಲೆಯ ಸ್ಕ್ರೂಡ್ರೈವರುಗಳು.